ಗೂಗಲ್‌ನಲ್ಲಿ ಸಿಕ್ಕ ನಂಬರ್, ಗ್ರೂಪ್‌ಗೆ ಹಾಕಿದ ಶೀಟ್ ಲಿಂಕ್: ಅಂಗಡಿಯವರು ಗಮನಿಸಬೇಕಾದ್ದು

ಕಿರಾಣಿ ಅಂಗಡಿಯ ಉದ್ರಿ ಲೆಕ್ಕ, ಗಣೇಶೋತ್ಸವದ ಚಂದಾ ಪಟ್ಟಿ, ಸಂಘದ ಕಂತು, ಹೋಲ್‌ಸೇಲ್ ಆರ್ಡರ್, ಇವೆಲ್ಲ ನಿಧಾನಕ್ಕೆ ಪುಸ್ತಕದಿಂದ ಮೊಬೈಲ್‌ಗೆ ಬರುತ್ತಿವೆ. ಇನ್ನೊಂದು ಕಡೆ ಫ್ರಿಡ್ಜ್ ಕೆಟ್ಟರೂ, ಪಾರ್ಸೆಲ್ ತಡವಾದರೂ, ಖಾತೆಯಿಂದ ಹಣ ಕಟ್ ಆದರೂ ಮೊದಲು ಕೈ ಹೋಗೋದು ಗೂಗಲ್ ಕಡೆಗೆ. ಹುಡುಕೋದು, ನಾಲ್ಕು ಜನ ಸೇರಿ ಒಂದೇ ಕಡೆ ಬರೆಯೋದು, ಎರಡೂ ಈಗ ಉಚಿತ. ಎರಡರಲ್ಲೂ ಪೆಟ್ಟು ಬೀಳೋದು ಹೆಚ್ಚಾಗಿ ಒಂದೇ ಕಾರಣಕ್ಕೆ. ಅಲ್ಲಿ ಯಾರ್ಯಾರು ಬರೆಯಬಹುದು ಅನ್ನೋದನ್ನ ನಾವು ನೋಡಿರುವುದಿಲ್ಲ.

ಒಂದೇ ಶೀಟ್, ಹತ್ತು ಕೈ

ಒಟ್ಟಿಗೆ ಬರೆಯುವ ಸೌಲಭ್ಯ ಹೊಸದಲ್ಲ. ಗೂಗಲ್ ತನ್ನ ಆನ್‌ಲೈನ್ ಸ್ಪ್ರೆಡ್‌ಶೀಟ್ ಬಿಟ್ಟಿದ್ದು 2006ರಲ್ಲಿ. ಆದರೆ ನಮ್ಮ ಕಡೆ ಅದು ಕೈಗೆ ಬಂದಿದ್ದು ಅಗ್ಗದ ಡೇಟಾ ಬಂದ ಮೇಲೆ. ಹಿಂದೆ ಎಕ್ಸೆಲ್ ಫೈಲ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಅವರು ತಿದ್ದಿ ವಾಪಸ್ ಕಳಿಸಿ, ಕೊನೆಗೆ ಯಾವುದು ಸರಿ ಅಂತ ಗೊತ್ತಾಗದೆ ತಲೆ ಕೆಡುತ್ತಿತ್ತು. ಗೂಗಲ್ ಶೀಟ್ಸ್‌ನಲ್ಲಿ ಫೈಲ್ ಒಂದೇ, ಅದು ಇರೋದು ಗೂಗಲ್ ಸರ್ವರ್‌ನಲ್ಲಿ. ನೀವು ಅಂಗಡಿಯಲ್ಲಿ ಒಂದು ಅಂಕಿ ಬರೆದರೆ ಗೋದಾಮಿನಲ್ಲಿರುವ ತಮ್ಮನ ಮೊಬೈಲ್‌ನಲ್ಲಿ ಆ ಕ್ಷಣಕ್ಕೇ ಕಾಣುತ್ತದೆ. ಇಬ್ಬರೂ ಒಂದೇ ಚೌಕದಲ್ಲಿ ಬರೆದರೆ ಕೊನೆಗೆ ಬರೆದದ್ದು ಉಳಿಯುತ್ತದೆ.

ತೊಂದರೆ ಶುರುವಾಗೋದು ಶೇರ್ ಬಟನ್‌ನಲ್ಲಿ. ಹೊಸ ಶೀಟ್ ಮಾಡಿದಾಗ ಅದು ರಿಸ್ಟ್ರಿಕ್ಟೆಡ್ ಆಗಿರುತ್ತದೆ, ಅಂದರೆ ನೀವು ಹೆಸರು ಸೇರಿಸಿದವರಿಗೆ ಮಾತ್ರ. ಒಬ್ಬೊಬ್ಬರ ಇಮೇಲ್ ಹಾಕೋದು ಯಾರಿಗೆ ಬೇಕು ಅಂತ ‘ಎನಿವನ್ ವಿತ್ ದ ಲಿಂಕ್’ ಒತ್ತಿ, ಅದರ ಪಕ್ಕ ‘ಎಡಿಟರ್’ ಅಂತ ಇಟ್ಟು, ಲಿಂಕನ್ನು ಗ್ರೂಪ್‌ಗೆ ಹಾಕಿಬಿಡುತ್ತೇವೆ. ಅಲ್ಲಿಗೆ ಆ ಲಿಂಕ್ ಯಾರ ಕೈಗೆ ಹೋದರೂ ಅವರು ನಿಮ್ಮ ಲೆಕ್ಕ ತಿದ್ದಬಹುದು. ಲಾಗಿನ್ ಆಗದೆ ಬಂದವರ ಹೆಸರೂ ಕಾಣಲ್ಲ, ‘ಅನಾನಿಮಸ್’ ಅಂತ ಬಂದು ಪಕ್ಕದಲ್ಲಿ ಯಾವುದೋ ಪ್ರಾಣಿಯ ಹೆಸರಿರುತ್ತದೆ.

ಬೇಕಂತಲೇ ಕೆಡಿಸುವವರಿಗಿಂತ ತಿಳಿಯದೆ ಕೆಡಿಸುವವರೇ ಜಾಸ್ತಿ. ಯಾರೋ ಹೆಸರಿನ ಕಾಲಂ ಒಂದನ್ನೇ ಆಯ್ದು ಅಕಾರಾದಿಯಾಗಿ ಜೋಡಿಸಿದರು ಅಂದ್ಕೊಳ್ಳಿ. ಹೆಸರುಗಳು ಮೇಲೆ ಕೆಳಗೆ ಆಗುತ್ತವೆ, ಪಕ್ಕದ ಮೊತ್ತ ಇದ್ದಲ್ಲೇ ಇರುತ್ತದೆ. ಒಬ್ಬರ 4,500 ರೂಪಾಯಿ ಬಾಕಿ ಇನ್ನೊಬ್ಬರ ಹೆಸರಿನ ಮುಂದೆ ಬಂದು ಕೂರುತ್ತದೆ. ಪಟ್ಟಿ ನೋಡೋಕೆ ಅಚ್ಚುಕಟ್ಟಾಗೇ ಇರುತ್ತದೆ, ಹಾಗಾಗಿ ಜಗಳ ಶುರುವಾಗೋವರೆಗೂ ಯಾರಿಗೂ ಗೊತ್ತಾಗಲ್ಲ.

ಇದಕ್ಕೆ ಮದ್ದು ಆ್ಯಪ್‌ನಲ್ಲೇ ಇದೆ. ಗ್ರೂಪ್‌ಗೆ ಕೊಡುವ ಲಿಂಕ್ ‘ವ್ಯೂವರ್’ ಆಗಿರಲಿ, ಬರೆಯುವ ಇಬ್ಬರು ಮೂವರನ್ನು ಮಾತ್ರ ಇಮೇಲ್ ಹಾಕಿ ಎಡಿಟರ್ ಮಾಡಿ. ಈಗಾಗಲೇ ಕೆಟ್ಟಿದ್ದರೆ ಕಂಪ್ಯೂಟರ್‌ನಲ್ಲಿ ಶೀಟ್ ತೆರೆದು, ಫೈಲ್ ಮೆನುವಿನಲ್ಲಿ ವರ್ಷನ್ ಹಿಸ್ಟರಿಗೆ ಹೋಗಿ. ಯಾವ ದಿನ, ಎಷ್ಟು ಗಂಟೆಗೆ, ಯಾರು ಬದಲಾಯಿಸಿದರು ಅನ್ನೋದು ಸಿಗುತ್ತದೆ. ಹಳೆಯ ಸ್ಥಿತಿಗೆ ವಾಪಸ್ ತರಲೂಬಹುದು. ಒಂದೇ ಚೌಕದ ಮೇಲೆ ಅನುಮಾನ ಇದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಶೋ ಎಡಿಟ್ ಹಿಸ್ಟರಿ ಒತ್ತಿದರೆ ಸಾಕು.

ಶೀಟ್ ಯಾರ ಜಿಮೇಲ್‌ನಲ್ಲಿ ಹುಟ್ಟಿತು ಅನ್ನೋದನ್ನೂ ನೋಡ್ಕೊಳ್ಳಿ. ಅಂಗಡಿಯ ಹುಡುಗನಿಗೆ ಮೊಬೈಲ್ ಚೆನ್ನಾಗಿ ಬರುತ್ತೆ ಅಂತ ಅವನ ಕೈಯಲ್ಲೇ ಮಾಡಿಸಿರುತ್ತೇವೆ. ಆಗ ಗೂಗಲ್ ಲೆಕ್ಕದಲ್ಲಿ ಫೈಲಿನ ಮಾಲೀಕ ಅವನೇ. ಅವನು ಕೆಲಸ ಬಿಟ್ಟು ಹೋಗಿ ಫೈಲ್ ಅಳಿಸಿದರೆ ಎರಡು ವರ್ಷದ ಉದ್ರಿ ಅಲ್ಲಿಗೆ ಮುಗೀತು. ಶೇರ್ ಪಟ್ಟಿಯಲ್ಲಿ ಮಾಲೀಕತ್ವ ವರ್ಗಾಯಿಸುವ ಆಯ್ಕೆ ಇದೆ. ಅವನು ಕಳಿಸಬೇಕು, ನೀವು ಒಪ್ಪಬೇಕು. ಸಂಬಂಧ ಚೆನ್ನಾಗಿರುವಾಗಲೇ ಮಾಡಿಸಿಕೊಂಡರೆ ಒಳ್ಳೇದು.

ಡಿಟಿಪಿ ಅಂಗಡಿಯವರಿಗೆ ಒಂದು ಮಾತು. ಹಳೆಯ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಪಟ್ಟಿಯನ್ನು ಶೀಟ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ ಹಾಕಬೇಕು. ಇಲ್ಲದಿದ್ದರೆ ಹುಡುಕಿದರೂ ಸಿಗಲ್ಲ.

ಶೀಟ್ ಹುಡುಕಾಟದಲ್ಲಿ ಸಿಕ್ಕಾಗ

‘ನನ್ನ ಲಿಂಕ್ ಯಾರಿಗೆ ಸಿಗುತ್ತೆ ಬಿಡಿ’ ಅನ್ನುವವರಿಗೆ ರಷ್ಯಾದ ಒಂದು ಪ್ರಸಂಗ ಹೇಳಬೇಕು. 2018ರ ಜುಲೈನಲ್ಲಿ ಅಲ್ಲಿನ ಯಾಂಡೆಕ್ಸ್ ಎಂಬ ಸರ್ಚ್ ಎಂಜಿನ್‌ನ ಫಲಿತಾಂಶದಲ್ಲಿ ಜನರ ಗೂಗಲ್ ಡಾಕ್ಸ್ ಫೈಲ್‌ಗಳು ಕಾಣಿಸಿಕೊಂಡವು. ಕೆಲವದರಲ್ಲಿ ಪಾಸ್‌ವರ್ಡ್‌ಗಳೂ ಇದ್ದವು. ಯಾರೂ ಗೂಗಲ್‌ನ ಬೀಗ ಒಡೆದಿರಲಿಲ್ಲ. ಬರೆದವರೇ ಆ ಫೈಲ್‌ಗಳನ್ನು ಎಲ್ಲರಿಗೂ ತೆರೆದಿಟ್ಟಿದ್ದರು. ಸಂಘದ ಶೀಟ್‌ನಲ್ಲಿ ಸದಸ್ಯರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಫೋನ್ ನಂಬರ್ ಮೂರೂ ಒಂದೇ ಸಾಲಿನಲ್ಲಿ ಇದ್ದರೆ ಇವತ್ತೇ ಶೇರ್ ಬಟನ್ ತೆರೆದು ರಿಸ್ಟ್ರಿಕ್ಟೆಡ್ ಮಾಡಿ. ಆಧಾರ್ ಸಂಖ್ಯೆ ಅಲ್ಲಿ ಇರಲೇಬೇಕಾ ಅಂತಲೂ ಒಮ್ಮೆ ಯೋಚಿಸಿ.

ಗೂಗಲ್‌ನಲ್ಲಿ ಮೊದಲು ಬಂದದ್ದೇ ಸರಿ ಅಲ್ಲ

ಕನ್ನಡದಲ್ಲಿ ಮಾತಾಡಿ ಹುಡುಕುವ ಸೌಲಭ್ಯವನ್ನು ಗೂಗಲ್ ಕೊಟ್ಟಿದ್ದು 2017ರ ಆಗಸ್ಟ್‌ನಲ್ಲಿ. ಟೈಪ್ ಮಾಡಲು ಬಾರದ ಅಜ್ಜನೂ ಈಗ ಮೈಕ್ ಒತ್ತಿ ಅಡಿಕೆ ರೇಟ್ ಕೇಳಬಹುದು, ಖುಷಿಯ ವಿಷಯವೇ. ಆದರೆ ಮೇಲೆ ಬಂದ ಮೊದಲ ಒಂದೆರಡು ಸಾಲು ‘ಸ್ಪಾನ್ಸರ್ಡ್’ ಆಗಿರಬಹುದು, ಅಂದರೆ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಅದರ ಕೆಳಗಿರುವುದಕ್ಕೂ ಗೂಗಲ್ ಯಾವ ಸರ್ಟಿಫಿಕೇಟೂ ಕೊಟ್ಟಿರುವುದಿಲ್ಲ.

ವಂಚಕರು ಕಾದು ಕೂತಿರೋದು ಕಸ್ಟಮರ್ ಕೇರ್ ನಂಬರ್ ಹುಡುಕುವವರಿಗೆ. ಬ್ಯಾಂಕ್ ಅಥವಾ ಕಂಪನಿ ಹೆಸರಲ್ಲಿ ತಮ್ಮ ನಂಬರ್ ಹಾಕಿ ಪುಟ ಮಾಡಿರುತ್ತಾರೆ. ಮ್ಯಾಪ್‌ನಲ್ಲೂ ಇದು ನಡೆಯುತ್ತದೆ, ಯಾಕೆಂದರೆ ಗೂಗಲ್ ಮ್ಯಾಪ್‌ನಲ್ಲಿ ಯಾವ ಜಾಗದ ವಿವರಕ್ಕೂ ‘ಸಜೆಸ್ಟ್ ಆ್ಯನ್ ಎಡಿಟ್’ ಅಂತ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. 2018ರಲ್ಲಿ ಮಹಾರಾಷ್ಟ್ರದಲ್ಲಿ ಬ್ಯಾಂಕ್ ಆಫ್ ಇಂಡಿಯಾದ ಹೆಸರಿನ ಮುಂದೆ ಮ್ಯಾಪ್‌ನಲ್ಲಿ ವಂಚಕರು ಹೀಗೇ ತಮ್ಮ ನಂಬರ್ ಸೇರಿಸಿದ್ದು ಪೊಲೀಸರವರೆಗೆ ಹೋಗಿತ್ತು. ಫೋನ್ ಎತ್ತಿದವನು ನಯವಾಗಿ ಮಾತಾಡಿ, ‘ರೀಫಂಡ್ ಹಾಕ್ತೀನಿ, ಒಂದು ಆ್ಯಪ್ ಹಾಕ್ಕೊಳ್ಳಿ’ ಅನ್ನುತ್ತಾನೆ. ಅದು ನಿಮ್ಮ ಪರದೆಯನ್ನು ಅವನಿಗೆ ತೋರಿಸುವ ಆ್ಯಪ್. ಎನಿಡೆಸ್ಕ್ ಬಳಸಿ ನಡೆಯುವ ಇಂಥ ವಂಚನೆ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಹಣ ಬರುವುದಕ್ಕೆ ಯುಪಿಐ ಪಿನ್ ಬೇಕಾಗೋದೇ ಇಲ್ಲ. ಪಿನ್ ಕೇಳಿದರು ಅಂದರೆ ಹಣ ಹೋಗ್ತಿದೆ ಅಂತಲೇ ಅರ್ಥ.

ನಂಬರ್ ಬೇಕಾದರೆ ಎಟಿಎಂ ಕಾರ್ಡಿನ ಹಿಂಬದಿ, ಬಿಲ್, ವಾರಂಟಿ ಕಾರ್ಡ್, ಇಲ್ಲವೇ ಕಂಪನಿಯದೇ ಆ್ಯಪ್ ನೋಡಿ. ಸರ್ಕಾರಿ ಕೆಲಸಕ್ಕೆ ಹುಡುಕುವಾಗ ಇಂಗ್ಲಿಷ್‌ನಲ್ಲಿ ‘ಸೈಟ್’ ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ‘ಜಿಒವಿ ಡಾಟ್ ಐಎನ್’ ಸೇರಿಸಿ, ಆಮೇಲೆ ಬೇಕಾದ ಪದ ಬರೆಯಿರಿ. ಆಗ ಸರ್ಕಾರಿ ವೆಬ್‌ಸೈಟ್‌ಗಳಷ್ಟೇ ಬರುತ್ತವೆ. ಪಹಣಿಗೋ ಸೇವಾ ಸಿಂಧುವಿಗೋ ಹುಡುಕುವಾಗ ಬರುವ ಅರ್ಧ ಕಸ ಇದರಿಂದಲೇ ಹೋಗುತ್ತದೆ.

2024ರಿಂದ ಭಾರತದಲ್ಲೂ ಫಲಿತಾಂಶದ ಮೇಲೆ ಎಐ ಬರೆದ ಉತ್ತರ ಬರುತ್ತಿದೆ. ಅದೂ ನೆಟ್‌ನಲ್ಲಿ ಇರುವ ಪುಟಗಳಿಂದಲೇ ಕಟ್ಟಿದ್ದು. ವಿಷಯ ತಿಳಿಯಲು ಓದಿ, ಫೋನ್ ನಂಬರ್ ಮಾತ್ರ ಅಲ್ಲಿಂದ ತಗೋಬೇಡಿ.

ನಿಮ್ಮ ಅಂಗಡಿಯ ಹೆಸರನ್ನೇ ಒಮ್ಮೆ ಮ್ಯಾಪ್‌ನಲ್ಲಿ ಹುಡುಕಿ, ಅಲ್ಲಿರುವ ನಂಬರ್ ನಿಮ್ಮದೇನಾ ನೋಡಿ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಅಂಗಡಿ ನಿಮ್ಮದು ಅಂತ ದೃಢಪಡಿಸಿದರೆ ಸಮಯ, ನಂಬರ್, ಫೋಟೊ ನೀವೇ ತಿದ್ದಬಹುದು. ಇದಕ್ಕೆ ಗೂಗಲ್ ಒಂದು ರೂಪಾಯಿಯೂ ತಗೊಳ್ಳಲ್ಲ. ‘ಲಿಸ್ಟಿಂಗ್ ಫೀಸ್ ಕಟ್ಟಿ’ ಅಂತ ಫೋನ್ ಬಂದರೆ ಇಟ್ಟುಬಿಡಿ.

ಹಣ ಹೋಗಿದ್ದರೆ

ತಡ ಮಾಡದೆ 1930ಕ್ಕೆ ಕರೆ ಮಾಡಿ, ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಹೋಗದಂತೆ ತಡೆಯುವ ಅವಕಾಶ ಹೆಚ್ಚು. ಹಣ ಹೋದ ಸಮಯ, ಮೊತ್ತ, ಯುಪಿಐ ವ್ಯವಹಾರದ 12 ಅಂಕಿಯ ಯುಟಿಆರ್ ಸಂಖ್ಯೆ, ನೀವು ಮಾತಾಡಿದ ನಂಬರ್ ಬರೆದಿಟ್ಟುಕೊಳ್ಳಿ. ಭಯಕ್ಕೋ ನಾಚಿಕೆಗೋ ಫೋನಿನ ಬ್ರೌಸರ್ ಹಿಸ್ಟರಿ ಅಳಿಸಬೇಡಿ, ಆ ನಂಬರ್ ಯಾವ ಪುಟದಲ್ಲಿ ಸಿಕ್ಕಿತು ಅನ್ನೋದು ದೂರು ಕೊಡುವಾಗ ಬೇಕಾಗುತ್ತದೆ.