ಪಿಗ್ ಹೋಗದ ದಾರಿ: ಕೊಳವೆಮಾರ್ಗಗಳ ಒಳತಪಾಸಣೆ ಮತ್ತು ಅದರ ಮಿತಿ

ಕೊಳವೆಯೊಳಗಿನ ತುಕ್ಕನ್ನು ಅಳೆಯುವ ಉಪಕರಣಗಳ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಅವನ್ನು ಎಲ್ಲಿಗೆ, ಯಾವಾಗ ಕಳುಹಿಸಬೇಕು ಎಂಬುದರ ಚರ್ಚೆ ಕಡಿಮೆ. ಒಳತಪಾಸಣೆಯ ದೊಡ್ಡ ದೌರ್ಬಲ್ಯ ಈ ಎರಡನೆಯದರಲ್ಲೇ ಇದೆ ಎಂಬುದು ಪ್ರಸ್ತುತ ಲೇಖನದ ವಾದ. ಅದಕ್ಕೆ ಆಧಾರ ಅಮೆರಿಕದ ಎರಡು ಅವಘಡಗಳು.

ಮೊದಲು ಉಪಕರಣ. ಕೊಳವೆಯಲ್ಲಿ ಹರಿಯುವ ತೈಲ ಅಥವಾ ಅನಿಲದ ಒತ್ತಡವೇ ಕೊಳವೆಯೊಳಗೆ ಸಾಗುತ್ತ ಅಳೆಯುವ ಉಪಕರಣವಾದ ತಪಾಸಣಾ 'ಪಿಗ್' ಅನ್ನು ಮುಂದಕ್ಕೆ ದೂಡುತ್ತದೆ. ಅದರ ಶಾಶ್ವತ ಕಾಂತಗಳು ಉಕ್ಕಿನ ಗೋಡೆಯನ್ನು ಪೂರ್ತಿ ಕಾಂತೀಕರಿಸುತ್ತವೆ. ಗೋಡೆ ತೆಳುವಾದ ಕಡೆ ಕಾಂತೀಯ ಅಭಿವಾಹ ಹೊರಸೋರುತ್ತದೆ. ಅದನ್ನು ಕಾಂತಕ್ಷೇತ್ರ ಅಳೆಯುವ ಹಾಲ್ ಸಂವೇದಕಗಳು ದಾಖಲಿಸಿಕೊಳ್ಳುತ್ತವೆ, ಚಕ್ರಗಳು ದೂರವನ್ನು ಅಳೆಯುತ್ತವೆ. ಇಲ್ಲಿ ತುಕ್ಕು ಕೊರೆದ ಗುಳಿಯ ಆಳವನ್ನು ನೇರವಾಗಿ ಅಳೆಯುವುದಿಲ್ಲ, ಸಂಕೇತದಿಂದ ಊಹಿಸಲಾಗುತ್ತದೆ. ಗೋಡೆಯ ದಪ್ಪದ ಶೇ. 10ರಷ್ಟು ಹೆಚ್ಚು-ಕಡಿಮೆ, ಶೇ. 80ರ ವಿಶ್ವಾಸಾರ್ಹತೆ: ಇದು ಸಾಮಾನ್ಯವಾಗಿ ನಮೂದಿಸುವ ನಿಖರತೆ. ಅಂದರೆ 10 ಮಿ.ಮೀ. ಗೋಡೆಯಲ್ಲಿ 4 ಮಿ.ಮೀ. ಆಳದ ಗುಳಿ ಎಂದು ವರದಿ ಹೇಳಿದರೆ ಅದು 3ರಿಂದ 5 ಮಿ.ಮೀ. ಇದ್ದೀತು, ಇಂಥ ಹತ್ತು ವರದಿಗಳಲ್ಲಿ ಎರಡು ಆ ಮಿತಿಯನ್ನೂ ದಾಟಬಹುದು. ಕೊಳವೆಯ ಉದ್ದಕ್ಕೇ ಸಾಗಿದ ಕಿರಿದಾದ ಸೀಳು ಈ ಕಾಂತಕ್ಷೇತ್ರಕ್ಕೆ ಬಹುಪಾಲು ಕಾಣುವುದಿಲ್ಲ. ಅಲ್ಟ್ರಾಸೋನಿಕ್ ಪಿಗ್ ದಪ್ಪವನ್ನು ನೇರವಾಗಿ ಅಳೆಯುತ್ತದೆ ನಿಜ, ಆದರೆ ಅದಕ್ಕೆ ದ್ರವದ ಮಾಧ್ಯಮ ಬೇಕು. ಇವೆಲ್ಲ ಗೊತ್ತಿರುವ ಕೊರತೆಗಳು. ಲೆಕ್ಕಕ್ಕೆ ಹಿಡಿದು ನಡೆಯಬಹುದು.

ಎಲ್ಲಿಗೆ, ಯಾವಾಗ ಎಂಬ ಪ್ರಶ್ನೆ ಹಾಗಲ್ಲ. ಅಲಾಸ್ಕಾದ ಪ್ರೂಡೋ ಬೇ ತೈಲಕ್ಷೇತ್ರದಲ್ಲಿ ಬಿಪಿ ಕಂಪನಿಯ 34 ಇಂಚಿನ ಕೊಳವೆ ಸೋರುತ್ತಿರುವುದು ಬೆಳಕಿಗೆ ಬಂದದ್ದು 2006ರ ಮಾರ್ಚ್ 2ರಂದು, ಅದೂ ಕೆಲಸಗಾರರೊಬ್ಬರಿಗೆ ತೈಲದ ವಾಸನೆ ಬಡಿದಾಗ. ಅಷ್ಟರಲ್ಲಿ ಸುಮಾರು 2 ಲಕ್ಷ ಗ್ಯಾಲನ್ ಕಚ್ಚಾತೈಲ ಟಂಡ್ರಾದ ಮೇಲೆ ಹರಿದಿತ್ತು. ತೂತು ಇದ್ದದ್ದು ಕಾಲಿಂಚಿನ ಆಸುಪಾಸು, ಕೊಳವೆಯ ತಳದಲ್ಲಿ, ಕ್ಯಾರಿಬೂ ಜಿಂಕೆಗಳು ದಾಟಲೆಂದು ಮಣ್ಣು-ಜಲ್ಲಿ ಮುಚ್ಚಿದ ಜಾಗದಲ್ಲಿ. ಕ್ಷೇತ್ರದ ಉತ್ಪಾದನೆ ಇಳಿದಂತೆ ಹರಿವು ನಿಧಾನವಾಗಿ, ನೀರು ಮತ್ತು ಗಸಿ ತಳಕ್ಕೆ ಕೂರತೊಡಗಿದ್ದವು. ಗಸಿಯ ಕೆಳಗೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಗಸಿ ಅಡ್ಡವಿರುವುದರಿಂದ ತುಕ್ಕು ತಡೆಯಲು ಸುರಿಯುವ ರಾಸಾಯನಿಕ ಅಲ್ಲಿ ಲೋಹವನ್ನು ಮುಟ್ಟುವುದೇ ಇಲ್ಲ. ಈ ಕೊಳವೆಯಲ್ಲಿ ಕೊನೆಯ ತಪಾಸಣಾ ಪಿಗ್ ಓಡಿದ್ದು 1998ರಲ್ಲಿ. ನಡುವಿನ ವರ್ಷಗಳಲ್ಲಿ ಆಯ್ದ ಜಾಗಗಳಲ್ಲಷ್ಟೇ ಹೊರಗಿನಿಂದ ಅಲ್ಟ್ರಾಸೋನಿಕ್ ಅಳತೆ ನಡೆಯುತ್ತಿತ್ತು. 2005ರ ಅಳತೆಗಳಲ್ಲಿ ಸವೆತ ಚುರುಕಾದದ್ದು ಕಂಡಿತ್ತು, 2006ರಲ್ಲಿ ಪಿಗ್ ಓಡಿಸುವ ಯೋಜನೆಯೂ ಇತ್ತು. ಕಡಿಮೆ ಒತ್ತಡದ ಕೊಳವೆಯಾದ್ದರಿಂದ ಅದು ಆಗ ಒಕ್ಕೂಟ ಸರ್ಕಾರದ ಸುರಕ್ಷಾ ನಿಯಮಗಳ ವ್ಯಾಪ್ತಿಯಿಂದ ಹೊರಗಿತ್ತು. ನಿಯಮ ಕೇಳಲಿಲ್ಲ ಎಂಬುದು ಎಂಟು ವರ್ಷ ಸುಮ್ಮನಿರಲು ಸಮರ್ಥನೆಯಾಗದು. ಅದೇ ವರ್ಷದ ಜುಲೈ ಕೊನೆಯಲ್ಲಿ ಕ್ಷೇತ್ರದ ಪೂರ್ವಭಾಗದ ಕೊಳವೆಗೆ ಪಿಗ್ ಕಳುಹಿಸಿದಾಗ 12 ಕಡೆ 16 ದೋಷಗಳು ಸಿಕ್ಕವು.

ಎರಡನೆಯದಾದ ಕಾರ್ಲ್ಸ್‌ಬ್ಯಾಡ್ ಪ್ರಕರಣ ಇನ್ನೂ ಕಠೋರ. 2000ದ ಆಗಸ್ಟ್ 19ರ ನಸುಕಿನಲ್ಲಿ ನ್ಯೂ ಮೆಕ್ಸಿಕೊದ ಕಾರ್ಲ್ಸ್‌ಬ್ಯಾಡ್ ಸಮೀಪ ಪೀಕಾಸ್ ನದಿಯ ಬಳಿ 30 ಇಂಚಿನ ಅನಿಲ ಕೊಳವೆ ಸಿಡಿದು, ಸೇತುವೆಯಡಿ ಬಿಡಾರ ಹೂಡಿದ್ದ 12 ಮಂದಿ ಸತ್ತರು. ಒಡೆದ ಭಾಗದಲ್ಲಿ ಗೋಡೆ ಒಂದೆಡೆ ಶೇ. 72ರಷ್ಟು ಸವೆದಿತ್ತು. 1950ರ ಆ ಕೊಳವೆಯ ಈ ತುಂಡಿನೊಳಗೆ ಪಿಗ್ ಹಾಯುವಂತೆಯೇ ಇರಲಿಲ್ಲ. ಇಲ್ಲಿ ತಪಾಸಣೆ ತಡವಾದದ್ದಲ್ಲ. ಸಾಧ್ಯತೆಯೇ ವಿನ್ಯಾಸದಲ್ಲಿ ಮುಚ್ಚಿಹೋಗಿತ್ತು. ಅದಾದ ಬಳಿಕ, 2002ರ ಅಮೆರಿಕದ ಕಾಯ್ದೆ ಜನನಿಬಿಡ ಪ್ರದೇಶಗಳ ಅನಿಲ ಕೊಳವೆಗಳಿಗೆ ಏಳು ವರ್ಷಕ್ಕೊಮ್ಮೆ ಮರುಪರೀಕ್ಷೆಯನ್ನು ಕಡ್ಡಾಯ ಮಾಡಿತು.

ಪಿಗ್ ಹಾಯದ ಕೊಳವೆಗಳಿಗೆ ಪರ್ಯಾಯವಿದೆ: ಹರಿವಿನ ವೇಗ ಮತ್ತು ನೆಲದ ಏರಿಳಿತದಿಂದ ನೀರು ನಿಲ್ಲುವ ಜಾಗಗಳನ್ನು ಲೆಕ್ಕಹಾಕಿ, ಅಲ್ಲಿ ಅಗೆದು ಪರೀಕ್ಷಿಸುವುದು. ಉಪಯುಕ್ತ ಕ್ರಮವೇ. ಆದರೆ ಇದು ಕೂಡ ಆಯ್ದ ಜಾಗಗಳ ಅಳತೆ. ಹಳೆಯ ಹರಿವಿನ ದಾಖಲೆ ಸರಿಯಿಲ್ಲದಿದ್ದರೆ ಗುಂಡಿ ತೋಡುವುದು ತಪ್ಪು ಜಾಗದಲ್ಲಿ. ಇನ್ನೊಂದು ದಾರಿ ವಿನ್ಯಾಸದ್ದು: ಪ್ರೂಡೋ ಬೇಯಲ್ಲಿ ಮುಂದೆ ಹಾಕಿದ ಹೊಸ ಕೊಳವೆಗಳ ವ್ಯಾಸ ಹಳೆಯವಕ್ಕಿಂತ ಕಡಿಮೆ. ಹರಿವು ಚುರುಕಾಗಿರಲೆಂದು ಹಾಗೆ. ಜತೆಗೆ ಪಿಗ್ ಓಡಿಸುವ ಏರ್ಪಾಡನ್ನು ವಿನ್ಯಾಸದಲ್ಲೇ ಸೇರಿಸಲಾಯಿತು.