ವಿನ್ಯಾಸಕನೆಂಬ ಹೆಸರು

ಗುಜರಾತಿನ ಕಚ್ಛ್ ಪ್ರಾಂತದ ನೇಕಾರರೂ ಅಚ್ಚುಗಾರರೂ ಕಸೂತಿಯ ಹೆಂಗಸರೂ ತಲೆತಲಾಂತರದಿಂದ ತಮ್ಮ ವಸ್ತ್ರಗಳ ವರ್ಣವನ್ನೂ ಚಿತ್ತಾರವನ್ನೂ ತಾವೇ ಕಲ್ಪಿಸಿದವರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಗರದ ಮಾರುಕಟ್ಟೆ ಅವರನ್ನು ಅರಸಿ ಬಂದಿತು. ಅದರೊಡನೆ ಒಂದು ವೈಪರೀತ್ಯವೂ ಬಂದಿತು. ಚಿತ್ರ ಬರೆದುಕೊಟ್ಟವನು ವಿನ್ಯಾಸಕನೆನಿಸಿದನು, ನೆಯ್ದವನು ಕೂಲಿಯಾದನು.

1993ರಲ್ಲಿ ಸ್ಥಾಪಿತವಾದ ಕಲಾರಕ್ಷಾ ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆಯು ಈ ಭೇದವನ್ನೇ ಪ್ರಶ್ನಿಸಿ, 2005ರಲ್ಲಿ ಜೂಡಿ ಫ್ರೇಟರ್ ಅವರ ನೇತೃತ್ವದಲ್ಲಿ ಕುಶಲಕರ್ಮಿಗಳಿಗಾಗಿ ವಿನ್ಯಾಸ ವಿದ್ಯಾಲಯವನ್ನು ತೆರೆಯಿತು. ಅದರ ಕ್ರಮ ಗಮನಾರ್ಹವಾದುದು. ವರ್ಷಕ್ಕೆ ಆರು ಪಾಠಾವಧಿಗಳು, ಒಂದೊಂದೂ ಎರಡು ವಾರ. ನಡುವೆ ಮನೆಗೆ ಮರಳಿ ಸ್ವಂತ ಮಗ್ಗದಲ್ಲೇ ಅಭ್ಯಾಸ. ದುಡಿಮೆ ನಿಂತರೆ ಒಲೆ ಹೊತ್ತದ ಮನೆಗಳಿಗೆ ಬೇರೆ ಏರ್ಪಾಡು ಒಗ್ಗುವಂತಿರಲಿಲ್ಲ. ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕ ತರಗತಿಗಳಿದ್ದವು. ವರ್ಣಸಂಯೋಜನೆಯಿಂದ ತೊಡಗಿದ ಪಾಠವು, ವಿದ್ಯಾರ್ಥಿಯು ತನ್ನದೇ ವಸ್ತ್ರಸಂಗ್ರಹವನ್ನು ತೀರ್ಪುಗಾರರ ಮುಂದಿಡುವಲ್ಲಿಗೆ ಮುಗಿಯುತ್ತಿತ್ತು. ಸಿದ್ಧ ನಮೂನೆಯನ್ನು ಕೈಗಿಡುವುದು ಅಲ್ಲಿಯ ಉದ್ದೇಶವಾಗಿರಲಿಲ್ಲ. ದುಡ್ಡಿನ ನೆರವಿಗಿಂತ ಇದು ಕಷ್ಟದ ನೆರವು. ಕೊಡುವವನು ತನ್ನ ಅಭಿರುಚಿಯನ್ನು ಹೇರದೆ ಹಿಂದೆ ಸರಿದು ನಿಲ್ಲಬೇಕಾಗುತ್ತದೆ.

2014ರಲ್ಲಿ ಫ್ರೇಟರ್ ಅವರು ಇದೇ ಶಿಕ್ಷಣಕ್ರಮವನ್ನು ಆದಿಪುರದ ಸೋಮೈಯಾ ಕಲಾ ವಿದ್ಯಾ ಸಂಸ್ಥೆಗೆ ಕೊಂಡೊಯ್ದರು. ಆ ಸಂಸ್ಥೆಯ ಮೂಲಕ ಭುಜೋಡಿಯ ನೇಕಾರರು ನಮ್ಮ ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯ ನೇಕಾರರಿಗೆ ಮಾರ್ಗದರ್ಶಕರಾದರು. ಮಗ್ಗ ಬೇರೆ, ನುಡಿ ಬೇರೆ. ಆದರೂ ಬೋಧಕನ ಸ್ಥಾನದಲ್ಲಿ ನಗರದ ವಿನ್ಯಾಸಕನಿರಲಿಲ್ಲ, ನೇಕಾರನೇ ಇದ್ದನು.

ನಕಲನ್ನು ಮಾತ್ರ ಯಾವ ವಿದ್ಯಾಲಯವೂ ತಡೆಯಲಾರದಾಗಿದೆ. ಅಚ್ಚುಗಾರನು ಹಲವು ದಿನ ತೊಳೆದು, ಅದ್ದಿ, ಅಚ್ಚೊತ್ತಿ ಮುಗಿಸುವ ಅಜರಖ್ ವಸ್ತ್ರದ ಚಿತ್ತಾರವನ್ನು ಯಂತ್ರವು ಕ್ಷಣಾರ್ಧದಲ್ಲಿ ಮುದ್ರಿಸುತ್ತದೆ. ಕೊಳ್ಳುವವರು ಅದನ್ನೂ ಅಜರಖ್ ಎಂದೇ ಕರೆಯುತ್ತಾರೆ.