ನ್ಯಾಯಮೂರ್ತಿ ಹ್ಯಾಂಡರ ಎರಡು ತೀರ್ಪುಗಳು

ಅಮೆರಿಕದ ಸುಪ್ರೀಂ ಕೋರ್ಟಿನ ಪೀಠವನ್ನು ಒಮ್ಮೆಯೂ ಏರದೆ, ಅಲ್ಲಿ ಕುಳಿತ ಎಷ್ಟೋ ಮಂದಿಗಿಂತ ಹೆಚ್ಚಿನ ಕೀರ್ತಿ ಪಡೆದವರು ಲರ್ನೆಡ್ ಹ್ಯಾಂಡ್. 1909ರಲ್ಲಿ ಫೆಡರಲ್ ನ್ಯಾಯಾಧೀಶರಾದ ಅವರು 1961ರಲ್ಲಿ ತೀರಿಕೊಳ್ಳುವವರೆಗೂ ನ್ಯಾಯಪೀಠದ ನಂಟು ಬಿಡಲಿಲ್ಲ. ಅವರ ತೀರ್ಪುಗಳಲ್ಲಿ ಎರಡನ್ನು ನಾನು ಒಂದರ ಪಕ್ಕ ಒಂದಿಟ್ಟೇ ಓದುತ್ತೇನೆ.

ಮೊದಲನೆಯದು 1917ರದು. ಆಗ ಹ್ಯಾಂಡರು ನ್ಯೂಯಾರ್ಕಿನಲ್ಲಿ ಜಿಲ್ಲಾ ನ್ಯಾಯಾಧೀಶರು. ಅಮೆರಿಕ ಮಹಾಯುದ್ಧಕ್ಕೆ ಇಳಿದಿತ್ತು. ‘ದಿ ಮ್ಯಾಸಸ್’ ಎಂಬ ಸಮಾಜವಾದಿ ಮಾಸಪತ್ರಿಕೆ ಯುದ್ಧವನ್ನೂ ಕಡ್ಡಾಯ ಸೈನ್ಯಭರ್ತಿಯನ್ನೂ ಹಳಿದು ಬರೆಯಿತು, ವ್ಯಂಗ್ಯಚಿತ್ರ ಅಚ್ಚುಹಾಕಿತು. ಅದರ ಆಗಸ್ಟ್ ಸಂಚಿಕೆಯನ್ನು ಸಾಗಿಸಲು ಅಂಚೆಯವರು ಒಪ್ಪಲಿಲ್ಲ. ಅವರಿಗೆ ಹಾಗೆ ತಡೆಯುವ ಅಧಿಕಾರವಿಲ್ಲವೆಂದು ಹ್ಯಾಂಡರು ಆಜ್ಞೆಮಾಡಿದರು. ಕಾನೂನನ್ನು ಮುರಿಯಿರೆಂದು ನೇರವಾಗಿ ಪ್ರಚೋದಿಸುವುದು ಅಪರಾಧ. ಟೀಕೆ ಎಷ್ಟೇ ಕಟುವಾಗಿರಲಿ, ಅದರಿಂದ ಜನರಲ್ಲಿ ಅಸಮಾಧಾನ ಹುಟ್ಟೀತೆಂಬ ಕಾರಣಕ್ಕೆ ಅದು ಅಪರಾಧವಾಗದು ಎಂದರು. ಯುದ್ಧಜ್ವರದ ಆ ದಿನಗಳಲ್ಲಿ ಹೀಗೆ ಬರೆಯಲು ಎಂಟೆದೆ ಬೇಕಿತ್ತು. ಅದೇ ವರ್ಷ ಅಪೀಲು ನ್ಯಾಯಾಲಯ ಈ ತೀರ್ಪನ್ನು ತಳ್ಳಿಹಾಕಿತು, ಪತ್ರಿಕೆ ನಿಂತುಹೋಯಿತು, ಹ್ಯಾಂಡರ ಬಡ್ತಿಯೂ ತಪ್ಪಿತು. 1918ರಲ್ಲಿ ಆ ಅಪೀಲು ಪೀಠಕ್ಕೆ ನೇಮಕವಾದವರು ಮಾರ್ಟಿನ್ ಮಾಂಟನ್. ವಿಧಿಯ ಚೇಷ್ಟೆ ನೋಡಿ: ಈ ಮಾಂಟನ್ ಲಂಚದ ಆರೋಪ ಹೊತ್ತು 1939ರಲ್ಲಿ ರಾಜೀನಾಮೆ ಕೊಟ್ಟರು, ಶಿಕ್ಷೆಗೂ ಗುರಿಯಾದರು. ಅವರಿಂದ ತೆರವಾದ ಹಿರಿಯ ನ್ಯಾಯಾಧೀಶರ ಸ್ಥಾನಕ್ಕೆ ಬಂದವರು, 1924ರಲ್ಲಿ ತಡವಾಗಿ ಆ ನ್ಯಾಯಾಲಯ ಸೇರಿದ್ದ ಹ್ಯಾಂಡರೇ!

ಎರಡನೆಯದು 1950ರದು. ಸರ್ಕಾರವನ್ನು ಬಲಾತ್ಕಾರದಿಂದ ಉರುಳಿಸಬೇಕೆಂದು ಬೋಧಿಸಲು ಒಳಸಂಚು ನಡೆಸಿದರೆಂದು ಶಿಕ್ಷೆಗೊಳಗಾಗಿದ್ದ 11 ಕಮ್ಯುನಿಸ್ಟ್ ಮುಖಂಡರ ಅಪೀಲು. ಹ್ಯಾಂಡರು ಶಿಕ್ಷೆಯನ್ನು ಎತ್ತಿಹಿಡಿದರು. ಕೇಡು ಎಷ್ಟು ಘೋರವಾದದ್ದು, ಅದು ಸಂಭವಿಸುವ ಸಾಧ್ಯತೆ ಎಷ್ಟು, ಇವೆರಡನ್ನೂ ತೂಗಿ ನೋಡಬೇಕೆಂದರು. ತೂಗುವ ಕೈಯೇ ಭಯದಿಂದ ನಡುಗುತ್ತಿದ್ದರೆ? 1917ರಲ್ಲಿ ಅವರು ಬೇಡವೆಂದದ್ದು ಇಂಥ ತಕ್ಕಡಿಯನ್ನೇ.

ಇದನ್ನು ಅಂಜಿಕೆ ಎನ್ನಲು ನನಗೆ ಮನಸ್ಸಿಲ್ಲ. 1917ರಲ್ಲೂ ಅವರು ಶಾಸನವನ್ನು ರದ್ದುಮಾಡಿರಲಿಲ್ಲ, ಅದರ ಅರ್ಥ ಹೇಳಿದ್ದರಷ್ಟೆ. ಶಾಸನಸಭೆಗೆ ನ್ಯಾಯಾಧೀಶರು ಅಡ್ಡಬರುವುದು ಅವರಿಗೆ ಸೇರದು. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ದಕ್ಷಿಣ ಕನ್ನಡದ ಬೆನೆಗಲ್ ನರಸಿಂಗ ರಾಯರು 1947ರಲ್ಲಿ ಅಮೆರಿಕಕ್ಕೆ ಹೋದಾಗ ಅವರಿಗೂ ಹ್ಯಾಂಡರು ಇದೇ ಧಾಟಿಯಲ್ಲಿ ಹೇಳಿದ್ದರು: ಮೂಲಭೂತ ಹಕ್ಕುಗಳು ಕಾನೂನಿನ ಸಂಕೋಲೆಗಳಾಗುವುದಕ್ಕಿಂತ ನೀತಿಸೂತ್ರಗಳಾಗಿ ಉಳಿಯುವುದೇ ಮೇಲು ಎಂದು. ನಾವು ಒಪ್ಪಲಿಲ್ಲ, ಒಪ್ಪದಿದ್ದುದೇ ಲೇಸಾಯಿತು.

1951ರಲ್ಲಿ ಸುಪ್ರೀಂ ಕೋರ್ಟು ಹ್ಯಾಂಡರ ತಕ್ಕಡಿಯನ್ನೇ ಕೈಗೆತ್ತಿಕೊಂಡಿತು. 1969ರಲ್ಲಿ, ಓಹಾಯೋ ರಾಜ್ಯದ ಬ್ರಾಂಡೆನ್‌ಬರ್ಗ್ ಮೊಕದ್ದಮೆಯಲ್ಲಿ, ಅದನ್ನು ಕೆಳಗಿಟ್ಟು ಪ್ರಚೋದನೆ ಎಲ್ಲಿದೆ ಎಂದು ಕೇಳಿತು. ಮ್ಯಾಸಸ್ ಪತ್ರಿಕೆಯ ಹೊತ್ತಿಗೆ ಕೇಳಿದ ಪ್ರಶ್ನೆಯಿದು; ಮತ್ತೆ ಕೇಳಿಬಂದಾಗ ಹ್ಯಾಂಡರು ತೀರಿಕೊಂಡು ಎಂಟು ವರ್ಷವಾಗಿತ್ತು.